ಕೆಳಗಿನ ಜಾಗದ ಹುಳುಗಳು

ಜನವರಿ 11

ಅಕ್ಕ,

ಬಂದು ಹನ್ನೆರಡು ದಿನವಾಯಿತು. ಇಲ್ಲಿ ಫೋನ್ ಸಿಗುವುದಿಲ್ಲ, ಅದಕ್ಕೇ ಈ ಕಾಗದ. ಹುಳುಗಳ ಬಾಟಲಿ ಕಳಿಸುವ ಪೆಟ್ಟಿಗೆಯಲ್ಲೇ ಇಡುತ್ತಿದ್ದೇನೆ. ಜೀಪಿನವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ನಿಮ್ಮ ಪ್ರಯೋಗಾಲಯದಲ್ಲಿ ಪೆಟ್ಟಿಗೆ ತೆರೆಯುವುದು ನೀನೇ ತಾನೆ? ಬೇರೆ ಯಾರಾದರೂ ತೆರೆಯುವುದಿದ್ದರೆ ಮೊದಲೇ ಹೇಳಿಬಿಡು. ನೋಡಿಕೊಂಡು ಬರೆಯುತ್ತೇನೆ.

ನಮ್ಮ ಕೋಣೆಯಲ್ಲಿ ಎರಡು ಮಂಚ, ಒಂದು ಸ್ಟವ್, ಒಂದು ಕಿಟಕಿ ಇವೆ. ಒಂದು ಮಂಚ ನನ್ನದು, ಇನ್ನೊಂದು ನನಗಿಂತ ಮುಂಚಿನಿಂದ ಇಲ್ಲಿ ಬಲೆ ಹಿಡಿಯುತ್ತಿರುವ ಮುದುಕರದು, ಎಲ್ಲರೂ ಅವರನ್ನು ಬಲೆ ಅಜ್ಜ ಅನ್ನುತ್ತಾರೆ. ಕಿಟಕಿ ತೆರೆದರೆ ಕೆಳಗಿನ ಒಡ್ಡು ಕಾಣುತ್ತದೆ. ಹೊಳೆಗೆ ಅಡ್ಡಲಾಗಿ ಎರಡು ಹಳೇ ಒಡ್ಡುಗಳಿದ್ದವಂತೆ. ಮೇಲಿನದನ್ನು ಹೋದ ವರ್ಷ ಒಡೆದರು, ಕೆಳಗಿನದು ಇನ್ನೂ ನಿಂತಿದೆ. ಬೆಳಿಗ್ಗೆ ಅದರ ಬುಡದಲ್ಲಿ ಮೀನುಗಳು ಹಾರುತ್ತವೆ. ಹಾರಿ, ಗೋಡೆಗೆ ಬಡಿದುಕೊಂಡು, ಬಿದ್ದು, ಮತ್ತೆ ಹಾರುತ್ತವೆ. ನಾನು ಹಲ್ಲುಜ್ಜುತ್ತಾ ಎಣಿಸುತ್ತೇನೆ. ಇವತ್ತು ಅರವತ್ತೆರಡು ಸಲ. ಒಂದೂ ದಾಟಲಿಲ್ಲ.

ಎಂಜಿನಿಯರ್ ಬಂದು ಕೆಲಸ ವಿವರಿಸಿದರು. ತಿಂಗಳಿಗೊಮ್ಮೆ ಬೆಟ್ಟದ ಬುಡದ ಮೇಲಿನ ಜಾಗದಲ್ಲೂ, ಎರಡು ಒಡ್ಡುಗಳ ನಡುವಿನ ಕೆಳಗಿನ ಜಾಗದಲ್ಲೂ ಬಲೆ ಹಿಡಿಯಬೇಕು, ಸಿಕ್ಕ ಹುಳುಗಳನ್ನು ಸ್ಪಿರಿಟ್ ಬಾಟಲಿಗೆ ಹಾಕಿ ನಿನಗೆ ಕಳಿಸಬೇಕು. ಮುಖ್ಯವಾದದ್ದು ಗೂಡುಹುಳು, ಅಂದರೆ ಮರಳಿನ ಕಾಳುಗಳನ್ನು ಅಂಟಿಸಿ ಮೈ ಸುತ್ತ ಕೊಳವೆ ಕಟ್ಟಿಕೊಳ್ಳುವ ಹುಳು. ಅದು ಇದ್ದರೆ ನೀರು ಹರಿಯುತ್ತಿದೆ, ಚೊಕ್ಕಟವಾಗಿದೆ ಎಂದು ಲೆಕ್ಕ. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ತಿಂಗಳು ಕೆಳಗಿನ ಜಾಗದಲ್ಲಿ ಐದಕ್ಕೆ ಕಡಿಮೆಯಿಲ್ಲದಂತೆ ಸಿಕ್ಕರೆ, ಮೇಲಿನದನ್ನು ಒಡೆದದ್ದರಿಂದ ಹೊಳೆ ಸುಧಾರಿಸಿದೆ ಎಂದು ಮೇ ತಿಂಗಳಲ್ಲಿ ಸೇರುವ ಸಮಿತಿ ಕೆಳಗಿನ ಒಡ್ಡನ್ನೂ ಒಡೆಯಲು ಒಪ್ಪುತ್ತದಂತೆ. ಇಲ್ಲದಿದ್ದರೆ ಒಡ್ಡು ಹಾಗೇ ಇರುತ್ತದೆ.

ಇಲ್ಲಿಯವರೆಗೆ ಕೆಳಗಿನ ಜಾಗದಲ್ಲಿ ಸೊನ್ನೆ. ಆರು ತಿಂಗಳೂ ಸೊನ್ನೆ. ಆರು ತಿಂಗಳೂ ಬಲೆ ಹಿಡಿದದ್ದು ಅಜ್ಜ. ಇದರಲ್ಲೇನೋ ಇದೆ ಅನ್ನಿಸುತ್ತದೆ.

ಗೋಡೆಗೆ ಒಂದು ನಿಯಮದ ಹಾಳೆ ಅಂಟಿಸಿದ್ದಾರೆ. ಪ್ರತಿ ಜಾಗದಲ್ಲೂ ಕೆಲಸಕ್ಕೆ ಮುಂಚೆ ಬಲೆಯನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು ಎಂದು ಅದರಲ್ಲಿದೆ. ಅಜ್ಜ ತೊಳೆಯುವುದಿಲ್ಲ. ಮೇಲಿನ ಜಾಗ ಮುಗಿಸಿ ಬಂದು ಬಲೆಯನ್ನು ಬೇಲಿಗೆ ನೇತುಹಾಕಿ ಒಂದು ಇಡೀ ದಿನ ಕೂರುತ್ತಾರೆ. ಕೆಳಗಿನ ಜಾಗ ಏನಿದ್ದರೂ ಮೂರನೇ ದಿನ. ಕೇಳಿದರೆ, “ಹಾಳೆ ಓದೋಕೆ ನೀನಿದ್ದೀಯಲ್ಲ, ಓದು. ಬಲೆ ಒಣಗಲಿ,” ಅಂದರು.

ತಮ್ಮ

ಜನವರಿ 20

ತಮ್ಮನಿಗೆ,

ಪೆಟ್ಟಿಗೆ ತೆರೆಯುವುದು ನಾನೇ. ನಿನ್ನ ಕಾಗದ ಓದಲು ಇಲ್ಲಿ ಯಾರೂ ಸಾಲುಗಟ್ಟಿ ನಿಂತಿಲ್ಲ.

ಲೇಬಲ್ಲುಗಳನ್ನು ಪೆನ್ನಿನಲ್ಲಿ ಬರೆದಿದ್ದೀಯ. ಸ್ಪಿರಿಟ್ ತಾಗಿ ಎಲ್ಲ ಅಳಿಸಿ, ಹುಳುಗಳೆಲ್ಲ ನೀಲಿಯಾಗಿವೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಹುಡುಕುವುದರಲ್ಲಿ ನನ್ನ ಅರ್ಧ ದಿನ ಹೋಯಿತು. ಪೆನ್ಸಿಲ್ಲಿನಲ್ಲಿ ಬರೆ.

ಅಜ್ಜ ನಲವತ್ತು ವರ್ಷ ಆ ಹೊಳೆಯಲ್ಲಿ ಮೀನು ಹಿಡಿದವರು. ಜಗಳ ತೆಗೆಯಬೇಡ. ಶಾಲೆ ಬಿಟ್ಟ ಮೇಲೆ ನೀನು ಹಿಡಿದು ಬಿಟ್ಟ ಕೆಲಸ ಇದು ಸೇರಿದರೆ ಐದಾಗುತ್ತದೆ. “ನನ್ನ ತಮ್ಮ, ನಾನು ಜವಾಬ್ದಾರಿ,” ಎಂದು ಎಂಜಿನಿಯರ್‌ಗೆ ಮಾತು ಕೊಟ್ಟಿದ್ದೇನೆ. ಅದು ನೆನಪಿರಲಿ.

ಮೀನು ಎಣಿಸುವುದು ನಿನ್ನ ಕೆಲಸವಲ್ಲ.

ಅಕ್ಕ

ಫೆಬ್ರವರಿ 11

ಅಕ್ಕ,

ಗುಟ್ಟು ಗೊತ್ತಾಯಿತು ಅಂದುಕೊಂಡಿದ್ದೇನೆ.

ಅಜ್ಜ ಬಲೆ ಒಣಗಿಸುವುದು ನಮ್ಮ ಕೋಣೆಯ ಹತ್ತಿರವಲ್ಲ. ಒಡ್ಡಿನ ತೂಬು ಕಾಯುವವನ ಮನೆ ಬೇಲಿಗೆ. ತೂಬಿನವನೆಂದರೆ ನೀರಿನ ಬಾಗಿಲು ಎತ್ತಿ ಇಳಿಸುವವನು. ಒಡ್ಡು ಹೋದರೆ ಅವನ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಬಲೆ ಅವನ ಬೇಲಿಯ ಮೇಲೆ ಒಂದು ದಿನ ಬಿದ್ದಿರುತ್ತದೆ. ಆ ದಿನ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ನಾನು ಹೋದರೆ ಮಾತು ನಿಲ್ಲಿಸುತ್ತಾರೆ. ಹೋದ ವಾರ ತೂಬಿನವನು ನನ್ನನ್ನು ನೋಡಿ, “ಬಂದ್ರಪ್ಪ ಹುಳದ ಇನ್‌ಸ್ಪೆಕ್ಟರು,” ಅಂದ. ಅಜ್ಜ ನಕ್ಕರು.

ಮರುದಿನ ಕೆಳಗಿನ ಜಾಗದಲ್ಲಿ ಸೊನ್ನೆ ಬಂದರೆ ಲಾಭ ಯಾರಿಗೆ? ಸಿಕ್ಕ ಹುಳುಗಳನ್ನು ಅಜ್ಜ ಬಾಟಲಿಗೆ ಹಾಕುವ ಮುಂಚೆ ಹೊಳೆಗೆ ಬಿಡುತ್ತಾರೆ ಎಂದೇ ನನ್ನ ಅನುಮಾನ. ಕಣ್ಣಾರೆ ಕಂಡಿಲ್ಲ. ಕಂಡಿಲ್ಲವೆಂದೂ ಬರೆಯುತ್ತಿದ್ದೇನೆ.

ಆದ್ದರಿಂದ ಈ ತಿಂಗಳು ಬಲೆಯನ್ನು ನಾನೇ ಇಸಿದುಕೊಂಡೆ. ಅಜ್ಜ ಒಂದು ನಿಮಿಷ ನನ್ನ ಮುಖ ನೋಡಿ, ಕೈ ಬಿಟ್ಟರು. ನಾನು ಹಾಳೆಯಲ್ಲಿದ್ದಂತೆ ಎಲ್ಲ ಮಾಡಿದೆ. ಬೆಳಿಗ್ಗೆ ಮೇಲಿನ ಜಾಗ. ಅಲ್ಲಿಂದ ಎರಡು ಗಂಟೆ ನಡೆದು ಅದೇ ಮಧ್ಯಾಹ್ನ ಕೆಳಗಿನ ಜಾಗ. ದಿನ ಕಳೆಯುವ ಆಟವೇ ಇಲ್ಲ. ಹೊಳೆಗಿಳಿದ ಕೂಡಲೇ ಬಲೆಯನ್ನು ಹರಿಯುವ ನೀರಿನಲ್ಲಿ ಎರಡು ಕೈಯಲ್ಲಿ ಉಜ್ಜಿ ಉಜ್ಜಿ ತೊಳೆದೆ. ಆಮೇಲೆ ಬಲೆಯ ಬಾಯನ್ನು ಹರಿವಿಗೆ ಎದುರಾಗಿ ಊರಿ, ಅದರ ಮುಂದೆ ಕಾಲಿನಿಂದ ಕಲ್ಲು ಕೆದಕಿದೆ. ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿದೆ.

ಒಂಬತ್ತು ಗೂಡುಹುಳು ಅಕ್ಕ. ಒಂಬತ್ತು. ಈಗ ಹೇಳು, ಆರು ತಿಂಗಳು ಅವೆಲ್ಲ ಎಲ್ಲಿದ್ದವು?

ಲೇಬಲ್ ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ.

ತಮ್ಮ

ಫೆಬ್ರವರಿ 24

ತಮ್ಮನಿಗೆ,

ಒಂಬತ್ತು ಇವೆ. ನಿನ್ನ ಎಣಿಕೆ ಸರಿ.

ಕೆಲವು ವಿಷಯ ಬೇಕು. ಹೊಳೆಗೆ ಒಬ್ಬನೇ ಹೋಗಿದ್ದೆಯಾ? ಬಾಟಲಿಗೆ ತುಂಬುವಾಗ ಹತ್ತಿರ ಯಾರಿದ್ದರು? ಎರಡೂ ಜಾಗದ ಬಾಟಲಿ ಒಂದೇ ಚೀಲದಲ್ಲಿತ್ತೇ? ಮುಚ್ಚಳ ಮತ್ತೆ ತೆರೆದೆಯಾ? ಮೇಲಿನ ಜಾಗಕ್ಕೆ ಈ ತಿಂಗಳು ಒಟ್ಟು ಎಷ್ಟು ಸಲ ಹೋಗಿದ್ದೆ?

ಉತ್ತರವಷ್ಟೇ ಬರೆ. ನಾನು ಕೇಳಿದೆ ಎಂದು ಯಾರಿಗೂ ಹೇಳಬೇಡ, ಎಂಜಿನಿಯರ್‌ಗೂ.

ಅಕ್ಕ

ಮಾರ್ಚ್ 11

ಅಕ್ಕ,

ಕೊನೆಗೂ ನಿನಗೂ ಅನುಮಾನ ಬಂತಲ್ಲ, ಸಮಾಧಾನವಾಯಿತು. ನಿನ್ನ ಪ್ರಶ್ನೆ ಓದಿದಾಗಲೇ ಅಜ್ಜನ ಮೇಲೆ ಕೇಸು ಕಟ್ಟುತ್ತಿದ್ದೀಯ ಎಂದು ಗೊತ್ತಾಯಿತು.

ಉತ್ತರಗಳು. ಒಬ್ಬನೇ ಹೋಗಿದ್ದೆ. ತುಂಬುವಾಗ ಯಾರೂ ಇರಲಿಲ್ಲ, ಅಜ್ಜ ದೂರದಲ್ಲಿ ದಡದ ಮೇಲೆ ಕೂತಿದ್ದರು. ಚೀಲ ಒಂದೇ, ಆದರೆ ಮುಚ್ಚಳ ಒಮ್ಮೆ ಹಾಕಿದ ಮೇಲೆ ತೆರೆದಿಲ್ಲ. ಮೇಲಿನ ಜಾಗಕ್ಕೆ ನಾಲ್ಕು ಸಲ ಹೋಗಿದ್ದೆ. ಒಂದು ಸಲ ಕೆಲಸಕ್ಕೆ, ಮೂರು ಸಲ ಸುಮ್ಮನೆ. ಕೋಣೆಯಲ್ಲಿ ಕೂತರೆ ಕಾಲು ತುರಿಸುತ್ತದೆ, ನಿನಗೇ ಗೊತ್ತು. ಅಲ್ಲಿ ನೀರಿಗೆ ಬಗ್ಗಿ ಕೂತರೆ ಹುಳುಗಳು ಗೂಡು ಎಳೆದುಕೊಂಡು ಕಲ್ಲಿನ ಮೇಲೆ ಹೋಗುವುದು ಕಾಣುತ್ತದೆ.

ಈ ತಿಂಗಳು ಹದಿನಾಲ್ಕು! ಹಾಳೆಯಲ್ಲಿದ್ದಂತೆಯೇ ಮಾಡಿದೆ, ಬಲೆಯನ್ನು ಹೋದ ತಿಂಗಳಿಗಿಂತ ಚೆನ್ನಾಗಿ ತೊಳೆದೆ. ಎಂಜಿನಿಯರ್ ಬಂದು ಬೆನ್ನು ತಟ್ಟಿದರು. ಇನ್ನೊಂದು ತಿಂಗಳು ಹೀಗೇ ಬಂದರೆ ಒಡ್ಡು ಹೋದ ಹಾಗೇ ಅಂದರು.

ಅಜ್ಜ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಎಣಿಕೆ ಹೇಳಿದಾಗ ಮಾತ್ರ, “ಎಲ್ಲಿಂದ ಬಂತು ಅಂತ ಹುಳನ್ನೇ ಕೇಳು,” ಅಂದರು. ಇದು ಹೆದರಿಸುವ ಮಾತೋ, ಸಿಕ್ಕಿಬಿದ್ದವರ ಮಾತೋ, ನೀನೇ ಹೇಳು.

ಒಡ್ಡಿನ ಬುಡದಲ್ಲಿ ಈಗ ನೀರು ಕಡಿಮೆ. ಮೀನುಗಳ ಬೆನ್ನು ಕಾಣುತ್ತದೆ. ಕೆಲವಕ್ಕೆ ಬಡಿದುಕೊಂಡು ಬಡಿದುಕೊಂಡು ಮೂತಿ ಬೆಳ್ಳಗಾಗಿದೆ. ಮೇ ಬೇಗ ಬರಲಿ.

ತಮ್ಮ

ಮಾರ್ಚ್ 24

ತಮ್ಮನಿಗೆ,

ಹದಿನಾಲ್ಕು ತಲುಪಿತು. ಸೂಕ್ಷ್ಮದರ್ಶಕ ಕೆಟ್ಟಿದೆ, ರಿಪೇರಿಗೆ ಹೋಗಿದೆ. ಎರಡೂ ತಿಂಗಳ ವರದಿ ತಡವಾಗುತ್ತದೆ. ಎಂಜಿನಿಯರ್ ಕೇಳಿದರೆ ಅಷ್ಟೇ ಹೇಳು.

ಅಕ್ಕ

ಮಾರ್ಚ್ 25

ಪ್ರಯೋಗಾಲಯದ ಸಹಾಯಕಿಯವರಿಗೆ,

ಜೀಪು ಹೊರಡುವುದರಲ್ಲಿದೆ, ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ.

ನಿಮ್ಮ ಸೂಕ್ಷ್ಮದರ್ಶಕ ರಿಪೇರಿಗೆ ಹೋಗಿಲ್ಲ. ನಿನ್ನೆ ಪೆಟ್ಟಿಗೆ ತರಲು ತಾನು ಬಂದಾಗ ನೀವು ಅದರಲ್ಲಿ ಕಣ್ಣಿಟ್ಟು ಕೂತಿದ್ದಿರಿ, ಎರಡು ಸಲ ಕರೆದರೂ ತಲೆ ಎತ್ತಲಿಲ್ಲ ಎಂದು ಜೀಪಿನವನು ಹೇಳಿದ. ಅವನಿಗೆ ಸುಳ್ಳು ಹೇಳಬೇಕಾದ ಅಗತ್ಯವಿಲ್ಲ. ಫೆಬ್ರವರಿಯ ವರದಿಯೂ ಮೇಲೆ ಹೋಗಿಲ್ಲವೆಂದು ಈಗ ಗೊತ್ತಾಯಿತು. ಬಾಟಲಿಗಳು ನಿಮ್ಮ ಬೀರುವಿನಲ್ಲಿವೆ, ಬೀಗದ ಕೈ ನಿಮ್ಮ ಹತ್ತಿರ ಇದೆ.

ಒಡ್ಡು ಉಳಿಯಬೇಕು ಎನ್ನುವವರು ಇಲ್ಲಿ ಇಬ್ಬರು ಎಂದುಕೊಂಡಿದ್ದೆ. ಅಲ್ಲಿಯೂ ಒಬ್ಬರಿದ್ದಾರೆಯೇ? ನಿಮಗೆ ಯಾರು ಏನು ಹೇಳಿದರು?

ಇಂತಿ, ಹುಳ ಹಿಡಿಯುವವನು

ಏಪ್ರಿಲ್ 4

ತಮ್ಮನಿಗೆ,

ಸೂಕ್ಷ್ಮದರ್ಶಕ ಕೆಟ್ಟಿಲ್ಲ. ನಾನು ಸುಳ್ಳು ಹೇಳಿದೆ. ಯಾಕೆಂದು ಹೇಳುತ್ತೇನೆ, ಕೂತು ಓದು.

ಗೂಡುಹುಳು ತಾನಿರುವ ಜಾಗದ ಮರಳಿನಿಂದಲೇ ಗೂಡು ಕಟ್ಟುತ್ತದೆ. ಮೇಲಿನ ಜಾಗದ ಮರಳು ಕೆಂಪು. ಕೆಳಗಿನ ಜಾಗದ್ದು ಕಪ್ಪು. ಪ್ರತಿ ಬಾಟಲಿಯ ತಳದಲ್ಲಿ ಕಾಣುತ್ತದೆ. ನೀನು ಕೆಳಗಿನ ಜಾಗದ್ದೆಂದು ಕಳಿಸಿದ ಇಪ್ಪತ್ತಮೂರು ಹುಳುಗಳ ಗೂಡೂ ಕೆಂಪು. ತಾವಾಗಿ ಕೊಚ್ಚಿಕೊಂಡು ಬಂದು ಅಲ್ಲಿ ನೆಲೆಸಿದ್ದರೆ, ಬೆಳೆಯುತ್ತಾ ಗೂಡಿನ ಬಾಯಿಗೆ ಕಪ್ಪು ಕಾಳು ಸೇರಿಸಿಕೊಳ್ಳುತ್ತಿದ್ದವು. ಒಂದರಲ್ಲೂ ಒಂದು ಕಪ್ಪು ಕಾಳಿಲ್ಲ. ಅಂದರೆ ಅವು ಕೆಳಗಿನ ಜಾಗದಲ್ಲಿ ಒಂದು ದಿನವೂ ಬದುಕಿಲ್ಲ. ಮೇಲಿನಿಂದ ಯಾರೋ ತಂದಿದ್ದಾರೆ.

ಅಜ್ಜ ಬಲೆ ಹಿಡಿದಿದ್ದಾಗ ಸೊನ್ನೆ. ನೀನು ಹಿಡಿದ ದಿನದಿಂದ ಒಂಬತ್ತು, ಹದಿನಾಲ್ಕು. ಮೇಲಿನ ಜಾಗಕ್ಕೆ ನಾಲ್ಕು ಸಲ ಹೋಗಿದ್ದೆ ಎಂದು ನೀನೇ ಬರೆದೆ. ಮೀನಿನ ಸುದ್ದಿ ಬೇಡವೆಂದರೂ ಬರೆಯುತ್ತೀಯ. ಆ ಒಡ್ಡು ಹೋಗಲಿ ಎಂದು ನಿನಗೆಷ್ಟು ಆಸೆಯಿದೆ ಎಂದು ನನಗೆ ಕಾಣುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನೀನೇ ತಂದು ಹಾಕಿದೆಯಾ? ಹೌದಾದರೆ ಹೇಳಿಬಿಡು. ಬಾಟಲಿ ಒಡೆದುಹೋಯಿತೆಂದು ಬರೆದು ಎಲ್ಲವನ್ನೂ ಚೆಲ್ಲಿಬಿಡುತ್ತೇನೆ. ನೀನು ಕೆಲಸ ಬಿಟ್ಟು ಮನೆಗೆ ಬಾ. ಯಾರಿಗೂ ತಿಳಿಯುವುದಿಲ್ಲ.

ಅಕ್ಕ

ಏಪ್ರಿಲ್ 8

ನಾನು ತಂದು ಹಾಕಿಲ್ಲ.

ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟರೆಂದು ನಾನು ತನಿಖೆಯವರ ಮುಂದೆ ಹೇಳಿದಾಗಲೂ ನೀನು ಇದೇ ದನಿಯಲ್ಲಿ, “ನಿಜ ಹೇಳು, ಯಾರಿಗೂ ಹೇಳಲ್ಲ,” ಅಂದಿದ್ದೆ. ಆಗಲೂ ನಿಜವನ್ನೇ ಹೇಳಿದ್ದೆ.

ಬಾಟಲಿ ಚೆಲ್ಲಬೇಡ. ಚೆಲ್ಲಿದರೆ ಇದೇ ಕೊನೆಯ ಕಾಗದ.

ಏಪ್ರಿಲ್ 25

ಅಕ್ಕ,

ಹೇಗೆ ಶುರು ಮಾಡಲಿ ಎಂದು ತಿಳಿಯದೆ ಮೂರು ಹಾಳೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದ ಓದಿದ ಮೇಲೆ, ಹುಳು ತಂದದ್ದು ನಾನಲ್ಲವಾದರೆ ಅಜ್ಜನೇ ಎಂದುಕೊಂಡೆ. ಮೊದಲು ಹುಳು ಬಿಸಾಡುತ್ತಾರೆ ಎಂದಿದ್ದವನು ಈಗ ತಂದು ಹಾಕುತ್ತಾರೆ ಎನ್ನತೊಡಗಿದೆ. ಯಾಕೆ ಹಾಗೆ ಮಾಡುತ್ತಾರೆ ಎಂದು ನನ್ನನ್ನೇ ಕೇಳಿಕೊಂಡಾಗ, ನನ್ನನ್ನು ಸಿಕ್ಕಿಸಲಿಕ್ಕೆ ಎಂದು ಉತ್ತರವನ್ನೂ ಕೊಟ್ಟುಕೊಂಡೆ. ಮೂರು ದಿನ ಅವರ ಹಿಂದೆ ಹಿಂದೆ ತಿರುಗಿದೆ. ಅವರು ಸೌದೆ ಆರಿಸಿದರು, ಕೈಬಲೆ ಹೊಲಿದರು, ಮಲಗಿದರು. ನಾಲ್ಕನೇ ದಿನ, “ಬೇಕಾದ್ರೆ ಜೇಬೂ ನೋಡು,” ಎಂದು ಎರಡೂ ಜೇಬು ಹೊರಗೆಳೆದು ತೋರಿಸಿದರು. ಬೀಡಿ ಇತ್ತು, ಸೂಜಿ ಇತ್ತು.

ಏಪ್ರಿಲ್ ಕೆಲಸದ ದಿನ ಮೇಲಿನ ಜಾಗ ಮುಗಿಸಿ ಮಧ್ಯಾಹ್ನ ಕೆಳಗೆ ಬಂದೆ. ಯಾರಾದರೂ ಮುಂಚೆಯೇ ಹುಳು ತಂದಿಟ್ಟಿದ್ದರೆ ಸಿಗಲಿ ಎಂದು, ಬಲೆಯನ್ನು ದಡದಲ್ಲಿಟ್ಟು ಬರಿಗೈಯಲ್ಲಿ ನಲವತ್ತು ಕಲ್ಲು ತಿರುವಿ ನೋಡಿದೆ. ಒಂದು ಗೂಡೂ ಇಲ್ಲ. ಹಾಗಾದರೆ ಆ ಹದಿನಾಲ್ಕು ಎಲ್ಲಿಂದ ಬಂದವು ಎಂದುಕೊಳ್ಳುತ್ತಾ, ಎಂದಿನಂತೆ ಹತ್ತು ಹೆಜ್ಜೆ ಮೇಲೆ ಹೋಗಿ ಬಲೆ ತೊಳೆಯಲು ಬಗ್ಗಿದೆ.

ಅಜ್ಜ ದಡದಿಂದ ಕೇಳಿದರು, “ತೊಳೆದಿದ್ದು ಎಲ್ಲಿಗೆ ಹೋಗತ್ತೆ?”

“ಹೊಳೆಗೆ.”

“ಹೊಳೆ ಎಲ್ಲಿಗೆ ಹೋಗತ್ತೆ?”

ನೋಡಿದೆ ಅಕ್ಕ. ನೀರು ನೇರವಾಗಿ ನಾನು ಬಲೆ ಊರುವ ಜಾಗಕ್ಕೆ ಹೋಗುತ್ತಿತ್ತು.

ಬಿಳಿ ತಟ್ಟೆ ತಂದು, ಅದರೊಳಗೆ ಬಲೆಯನ್ನು ತೊಳೆದೆ. ಹನ್ನೊಂದು. ಎಲ್ಲವೂ ಕೆಂಪು ಗೂಡು. ಬೆಳಿಗ್ಗೆ ಮೇಲಿನ ಜಾಗದಲ್ಲಿ ಬಲೆಯ ಹೊಲಿಗೆಗೆ ಕಚ್ಚಿಕೊಂಡವು, ಒದ್ದೆ ಬಲೆಯಲ್ಲಿ ಜೀವ ಹಿಡಿದು ನನ್ನ ಹೆಗಲ ಮೇಲೆ ಎರಡು ಗಂಟೆ ಬಂದಿದ್ದವು. ನಾನು ತೊಳೆದು ಹೊಳೆಗೆ ಬಿಡುತ್ತಿದ್ದೆ, ಹತ್ತು ಹೆಜ್ಜೆ ಕೆಳಗೆ ನಿಂತು ನಾನೇ ಹಿಡಿಯುತ್ತಿದ್ದೆ. ಎಷ್ಟು ಚೆನ್ನಾಗಿ ತೊಳೆದರೆ ಅಷ್ಟು ಹೆಚ್ಚು ಸಿಗುತ್ತಿದ್ದವು. ಮಾರ್ಚ್‌ನಲ್ಲಿ ಬಲೆಯನ್ನು ಹೆಚ್ಚು ಚೆನ್ನಾಗಿ ತೊಳೆದೆ ಎಂದು ಜಂಬದಿಂದ ಬರೆದಿದ್ದೆನಲ್ಲ.

ಅಜ್ಜ ಬಲೆ ಒಣಗಿಸುತ್ತಿದ್ದದ್ದು ಇದಕ್ಕೇ. ಒಂದು ದಿನ ಬಿಸಿಲು ಬಿದ್ದರೆ ಕಚ್ಚಿಕೊಂಡದ್ದೆಲ್ಲ ಒಣಗಿ, ಕೊಡವಿದರೆ ಉದುರಿಹೋಗುತ್ತದೆ. ತೂಬಿನವನ ಬೇಲಿಯೇ ಯಾಕೆಂದರೆ ಇಲ್ಲಿ ಇಡೀ ದಿನ ನೆರಳು ಬೀಳದ ಬೇಲಿ ಅದೊಂದೇ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಿದ್ರೆ ಕೇಳೋ ಮುಖ ಇತ್ತೇನೋ ನಿಂದು? ಕಳ್ಳನ್ನ ನೋಡೋ ಹಾಗೆ ನೋಡ್ತಿದ್ದೆ,” ಅಂದರು. ತಪ್ಪಾಯಿತು ಅಂದೆ. ಅವರು ಬಲೆ ಇಸಿದುಕೊಂಡು ಬೇಲಿಯ ಕಡೆ ನಡೆದರು.

ಮೂರನೇ ದಿನ ಒಣಗಿದ ಬಲೆಯಲ್ಲಿ ಇಬ್ಬರೂ ಸೇರಿ ಹಿಡಿದೆವು. ಸೊನ್ನೆ.

ಎಂಜಿನಿಯರ್‌ಗೆ ಹೇಳಿದೆ. ಅವರು ಒಡ್ಡಿನ ಕಡೆ ಕೈ ತೋರಿಸಿ, ನೀನು ಬೇಕೆಂದು ಮಾಡಿದ್ದಲ್ಲವಲ್ಲ, ಸಂಖ್ಯೆ ಇದೆ, ಒಡ್ಡು ಹೋದರೆ ಒಳ್ಳೆಯದೇ ಆಗುವುದಲ್ಲವೇ ಅಂದರು. ನಿನ್ನಿಂದ ಮುಚ್ಚಿಡುವುದಿಲ್ಲ, ಅರ್ಧ ದಿನ ನಾನೂ ಹಾಗೇ ಯೋಚಿಸಿದೆ. ಕಿಟಕಿಯಲ್ಲಿ ಕೂತು ಮೀನು ನೋಡುತ್ತಾ ಯೋಚಿಸಿದೆ. ಆದರೆ ಕೆಳಗಿನ ಜಾಗದಲ್ಲಿ ಏನೂ ಬದುಕುತ್ತಿಲ್ಲ ಅಕ್ಕ. ಯಾಕೆ ಬದುಕುತ್ತಿಲ್ಲ ಎಂದು ಯಾರೂ ಹುಡುಕಿಲ್ಲ. ಬದುಕುತ್ತಿದೆ ಎಂದು ನಾನು ಬರೆದರೆ ಇನ್ನು ಮುಂದೆಯೂ ಯಾರೂ ಹುಡುಕುವುದಿಲ್ಲ.

ಸಮಿತಿಗೆ ಬರೆದ ಕಾಗದ ಇದರ ಜೊತೆಗಿದೆ. ಫೆಬ್ರವರಿ ಸೊನ್ನೆ, ಮಾರ್ಚ್ ಸೊನ್ನೆ, ಏಪ್ರಿಲ್ ಸೊನ್ನೆ, ತಪ್ಪು ನನ್ನದು ಎಂದಿದ್ದೇನೆ. ನೀನೇ ಕೊಡು.

ಆ ನಿಯಮದ ಹಾಳೆ ಬರೆದವರು ಯಾರೋ, ಜನ್ಮದಲ್ಲಿ ಹೊಳೆಗೆ ಕಾಲಿಟ್ಟವರಲ್ಲ. ಯಾರೆಂದು ಪತ್ತೆ ಮಾಡು. ಅವರಿಗೂ ಒಂದು ಕಾಗದ ಬರೆಯುವುದಿದೆ.

ತಮ್ಮ

ಮೇ 21

ತಮ್ಮನಿಗೆ,

ಸಮಿತಿ ನಿನ್ನೆ ಸೇರಿತ್ತು. ಒಡ್ಡು ಇನ್ನೊಂದು ವರ್ಷ ಇರುತ್ತದೆ. ಇದನ್ನೇ ಮೊದಲು ಬರೆದುಬಿಟ್ಟೆ, ಸುತ್ತಿ ಬಳಸಿ ಹೇಳಿದರೆ ನಿನಗೆ ಆಗುವುದಿಲ್ಲ.

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ಬಲೆ ತೊಳೆದ ಭಾಗ ಬಂದಾಗ ಕೊನೆಯ ಸಾಲಿನಲ್ಲಿ ಯಾರೋ ನಕ್ಕರು. ಓದಿದ ಮೇಲೆ ಅಧ್ಯಕ್ಷರು ನೀನು ಕೇಳಿದ ಪ್ರಶ್ನೆಯನ್ನೇ ಕೇಳಿದರು, ಹಾಳೆ ಬರೆದವರು ಯಾರು ಎಂದು. ನಾನು ಎದ್ದು ನಿಂತೆ.

ನಾನೇ ಬರೆದದ್ದು. ಮೂರು ವರ್ಷದ ಹಿಂದೆ, ಇದೇ ಮೇಜಿನ ಮೇಲೆ, ಒಂದು ಮಧ್ಯಾಹ್ನ. ಹೊಳೆ ನನಗೆ ಬಾಟಲಿಯಲ್ಲಿ ಬರುತ್ತದೆ. ಬಲೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲೇ ಇಲ್ಲ. ಸಿಂಕಿನಲ್ಲಿ ತೊಳೆದರೆ ಕೊಳವೆಯಲ್ಲಿ ಹೋಗುತ್ತದಲ್ಲ, ಹಾಗೇ ಅಂದುಕೊಂಡಿದ್ದೆನೇನೋ.

ಕೆಂಪು ಗೂಡು ಕಂಡ ದಿನ ನನ್ನ ಹಾಳೆಯ ಮೇಲೆ ನನಗೆ ಅನುಮಾನ ಬರಲಿಲ್ಲ. ನಿನ್ನ ಮೇಲೆ ಬಂತು. ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಎರಡು ತಿಂಗಳು ವರದಿ ತಡೆದು ನಿನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಬಾಟಲಿಗಳನ್ನು ಚೆಲ್ಲಲಿಲ್ಲ. ನಿನ್ನ ಬೆದರಿಕೆಗೆ ಹೆದರಿ ಅಂತಲೇ ಇಟ್ಟುಕೋ.

ಇನ್ನು ಮುಂದೆ ಬಲೆ ಹಿಡಿಯುವಾಗ ನೀವಿಬ್ಬರಲ್ಲದೆ ಹೊರಗಿನ ಒಬ್ಬರು ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕಬೇಕು ಎಂದು ಸಮಿತಿ ತೀರ್ಮಾನಿಸಿದೆ. ನಿನಗೆ ಅವಮಾನವೆನಿಸಬಹುದು. ಯಾರನ್ನು ಕಳಿಸಲಿ ಎಂದು ನನ್ನನ್ನು ಕೇಳಿದ್ದಾರೆ. ಯಾರು ಬಂದರೆ ನಿನಗೆ ಸರಿ?

ಅಕ್ಕ

ಮೇ 26

ಅಕ್ಕ,

ಅವಮಾನವೆನಿಸಿತು. ಸುಳ್ಳೇಕೆ ಹೇಳಲಿ. ಒಡ್ಡಿನ ಮೇಲೆ ಹೋಗಿ ಸಾಯಂಕಾಲದವರೆಗೆ ಕೂತಿದ್ದೆ. ಮೀನು ಎಣಿಸಲಿಲ್ಲ. ಇನ್ನೊಂದು ವರ್ಷ ಅವು ಹೀಗೇ ಬಡಿದುಕೊಳ್ಳುತ್ತವೆ. ಅದನ್ನು ನೋಡುತ್ತಾ ಹಲ್ಲುಜ್ಜಬೇಕಾದವನು ನಾನು.

ಹಾಳೆ ಬರೆದವರಿಗೆಂದು ನಾಲ್ಕು ಪುಟ ಬರೆದಿಟ್ಟಿದ್ದೆ. ಅಜ್ಜನಿಗೆ ಓದಿ ಹೇಳಿದ್ದೆ, ಬಹಳ ಖುಷಿಪಟ್ಟಿದ್ದರು. ಅದು ನೀನೇ ಎಂದು ಗೊತ್ತಾದ ಮೇಲೆ ಕಳಿಸಬೇಡವೆಂದರು. ಕಳಿಸುತ್ತಿಲ್ಲ. ಆದರೆ ಹರಿದೂ ಇಲ್ಲ.

ನನ್ನನ್ನು ನಂಬುತ್ತೇನೆ ಎಂದು ನೀನು ಬರೆದಿಲ್ಲ. ಅದು ಒಳ್ಳೆಯದೇ ಆಯಿತು. ಬರೆದಿದ್ದರೆ ಅದನ್ನೂ ಅನುಮಾನಿಸುತ್ತಿದ್ದೆ. ನಾನು ಅಜ್ಜನನ್ನು ನೋಡಿದ ಹಾಗೆಯೇ ನೀನು ನನ್ನನ್ನು ನೋಡಿದೆ. ನಾನೇ ಮಾಡಿದ್ದನ್ನು ನೀನು ಮಾಡಿದೆಯೆಂದು ಕೂಗಾಡುವ ಹಾಗಿಲ್ಲ.

ಯಾರು ಬಂದರೆ ಸರಿ ಎಂದು ಕೇಳಿದ್ದೀಯ. ನೀನೇ ಬಾ. ಬೇರೆ ಯಾರು ಬಂದು ಸಹಿ ಹಾಕಿದರೂ ನೀನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡುವವಳೇ.

ಜೂನ್ ಹತ್ತಕ್ಕೆ ಮೇಲಿನ ಜಾಗ. ಹನ್ನೊಂದು ಬಲೆ ಒಣಗುವ ದಿನ, ಅವತ್ತು ಮಾಡಲು ಏನೂ ಕೆಲಸವಿರುವುದಿಲ್ಲ, ತೂಬಿನವನು ಚಹಾ ಕೊಡುತ್ತಾನೆ. ಹನ್ನೆರಡಕ್ಕೆ ಕೆಳಗಿನ ಜಾಗ. ನನ್ನ ಮಂಚ ನಿನಗೆ. ನೀರು ಮೊಣಕಾಲಿನವರೆಗೆ ಇದೆ, ತಣ್ಣಗಿದೆ, ಕಲ್ಲು ಜಾರುತ್ತದೆ. ಒದ್ದೆಯಾದರೂ ಪರವಾಗಿಲ್ಲದ ಬಟ್ಟೆ ತಾ. ನೀನು ಬಲೆಯ ಹಿಂದೆ ನಿಂತು ಕೋಲನ್ನು ಗಟ್ಟಿಯಾಗಿ ಹಿಡಿದುಕೋ, ನಾನು ಮುಂದೆ ನಿಂತು ಕಲ್ಲು ಕೆದಕುತ್ತೇನೆ. ಬಲೆಗೆ ಬಂದದ್ದನ್ನು ನೀನೇ ತಟ್ಟೆಗೆ ಸುರಿ.

ಏನೂ ಇಲ್ಲದಿದ್ದರೆ, ಏನೂ ಇಲ್ಲ ಎಂದು ಇಬ್ಬರೂ ಸಹಿ ಹಾಕೋಣ.

ತಮ್ಮ